ಮೂವತ್ತೈದೋ ಐವತ್ತೋ

ಭಾನುವಾರ, 16 ನವೆಂಬರ್ 2025
ಚಿಕ್ಕಬಳ್ಳಾಪುರ

ಬೆಳಿಗ್ಗೆ ಶಿಡ್ಲಘಟ್ಟದ ಕಡೆಯಿಂದ ಅತ್ತೆ ಫೋನ್ ಮಾಡಿದ್ದರು. ರೇಷ್ಮೆ ಹುಳು ನಾಲ್ಕನೇ ಜ್ವರದಿಂದ, ಅಂದ್ರೆ ಪೊರೆ ಬಿಡೋ ನಿದ್ದೆಯಿಂದ, ಎದ್ದಿವೆಯಂತೆ. ಇನ್ನೊಂದು ವಾರಕ್ಕೆ ಹಣ್ಣಾಗುತ್ತವೆ, ಗೂಡು ಕಟ್ಟೋಕೆ ಚಂದ್ರಿಕೆ ತಟ್ಟಿಗೆ ಬಿಡೋ ಹೊತ್ತಿಗೆ ಬಾ ಅಂದರು. ಆಗಿನಿಂದ ನನಗೆ ಒಂದೇ ಗುಂಗು. ಅಷ್ಟರಲ್ಲಿ ಕ್ಯಾಮೆರಾ ಕೈಗೆ ಬಂದಿರಬೇಕು. ರೀಲ್ ಹಾಕೋ ರೇಂಜ್‌ಫೈಂಡರೇ (ಕಿಂಡಿಯಲ್ಲಿ ಕಾಣೋ ಎರಡು ಬಿಂಬ ಒಂದಾಗಿಸಿ ಫೋಕಸ್ ಮಾಡೋ ಕ್ಯಾಮೆರಾ) ಬೇಕು ಅನ್ನೋದು ಎಂದೋ ತೀರ್ಮಾನವಾಗಿದೆ. ಯಾವುದು ಅನ್ನೋದೇ ಬಾಕಿ.

ಸಂಜೆ ಬಿ.ಬಿ. ರಸ್ತೆ ದಾಟಿ ದೊಡ್ಡಪ್ಪನ ಮನೆಗೆ ಹೋದೆ. ಅವರು ಸ್ಟುಡಿಯೋ ಮುಚ್ಚಿ ವರ್ಷಗಳಾದವು. ಆದರೂ ಕ್ಯಾಮೆರಾ ಮಾತು ಅಂದ್ರೆ ಟಿವಿ ಆರಿಸಿ ಕೂರುತ್ತಾರೆ. ನಾನು ಫೋನಿನಲ್ಲಿ ಲೈಕಾ ಎಂ3, ಎಂ6, ಕ್ಯಾನನ್ ಪಿ, ಬೆಸ್ಸಾ ಅಂತ ಒಂದೊಂದೇ ತೋರಿಸುತ್ತಾ ಹೋದೆ. ಅವರು ಫೋನ್ ಇಸ್ಕೊಂಡು ಕೆಳಗಿಟ್ಟರು.

"ಹುಳು ಮನೆಯಲ್ಲಿ ನಿಮ್ಮತ್ತೆ ಎಲ್ಲಿ ಕೂರ್ತಾಳೆ? ನೀನೆಲ್ಲಿ ನಿಲ್ತೀಯ? ಮೊದಲು ಅದು ಹೇಳಮ್ಮ."

ಕಣ್ಣಿಗೆ ತಂದುಕೊಂಡೆ. ಉದ್ದನೆಯ ಕೋಣೆ. ಎರಡೂ ಕಡೆ ತಟ್ಟೆ ಜೋಡಿಸಿದ ಸ್ಟ್ಯಾಂಡು, ನಡುವೆ ಒಬ್ಬರು ಓಡಾಡುವಷ್ಟು ಜಾಗ. ಹುಳುವಿನ ಮೇಲೆ ಮೊಟ್ಟೆ ಇಡೋ ಊಜಿ ನೊಣ ಬರಬಾರದು ಅಂತ ಕಿಟಕಿಗೆಲ್ಲ ನೈಲಾನ್ ಪರದೆ, ಹಾಗಾಗಿ ಬೆಳಕು ಕಮ್ಮಿ. ಅತ್ತೆ ಕುಕ್ಕರಗಾಲಲ್ಲಿ ಕೂತು ಹಣ್ಣಾದ ಹುಳು ಆರಿಸುತ್ತಾರೆ. ಸೊಪ್ಪು ಬಿಟ್ಟು, ತಲೆ ಎತ್ತಿ ಆಡಿಸುತ್ತಾ, ಮೈ ಒಳಗಿನ ಬೆಳಕು ಕಾಣುವ ಹಾಗೆ ತಿಳಿಯಾದವು. ನಾನು ಗೋಡೆಗೆ ಒತ್ತಿ ನಿಂತರೂ ಅವರಿಗೂ ನನಗೂ ನಾಲ್ಕೈದು ಅಡಿ ಅಷ್ಟೇ.

"ಹಾಗಾದ್ರೆ ಅಗಲಕ್ಕೆ ಕಾಣೋ 35 ಮಿ.ಮೀ. ಲೆನ್ಸ್. 50 ಹಾಕಿದ್ರೆ ಅವಳೊಬ್ಬಳೇ ಬರ್ತಾಳೆ, ಕೋಣೆ ಬರಲ್ಲ."

ಈ ಒಂದು ಮಾತಿಗೆ ನನ್ನ ಪಟ್ಟಿ ಅರ್ಧ ಅಳಿಸಿಹೋಯಿತು. 1954ರ ಎಂ3 ನನ್ನ ಕನಸು. ಅದರ ಕಿಂಡಿಯಲ್ಲಿ ಎಲ್ಲ 0.91 ಪಟ್ಟು, ಅಂದ್ರೆ ಹತ್ತಿರ ಹತ್ತಿರ ಕಣ್ಣಿಗೆ ಕಂಡಷ್ಟೇ ದೊಡ್ಡದು. 50ಕ್ಕೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಯಾವ ಲೆನ್ಸಿಗೆ ಎಷ್ಟು ಬರುತ್ತೆ ಅಂತ ತೋರಿಸೋ ಒಳಗಿನ ಚೌಕಟ್ಟಿನ ಗೆರೆಗಳು 50, 90, 135ಕ್ಕೆ ಮಾತ್ರ. 35ಕ್ಕೆ ಇಲ್ಲ. ಕ್ಯಾನನ್ ಪಿಯಲ್ಲಿ 35ರ ಗೆರೆ ಇದೆ. ಸ್ಟೀಲ್ ಪರದೆಯ ಶಟರ್ ಬೇರೆ, ಲೆನ್ಸಿನಿಂದ ಬಿಸಿಲು ಬಿದ್ದರೆ ಬಟ್ಟೆ ಪರದೆಯ ಹಾಗೆ ಸುಟ್ಟು ತೂತಾಗಲ್ಲ. ಆದರೆ ಆ ಗೆರೆ ತೀರಾ ಅಂಚಿನಲ್ಲಿದೆ. ಕನ್ನಡಕ ಹಾಕಿದವರಿಗೆ ನಾಲ್ಕೂ ಮೂಲೆ ಒಟ್ಟಿಗೆ ಕಾಣೋದು ಕಷ್ಟ. 1984ರ ಎಂ6ನಲ್ಲಿ ಎಲ್ಲ ಗೆರೆಯೂ ಇದೆ, ಬೆಳಕು ಅಳೆಯೋ ಮೀಟರೂ ಇದೆ. ಅದರ ಬೆಲೆ ನನ್ನಿಂದಾಗಲ್ಲ.

ಉಳಿದದ್ದು ಫೋಕ್ಟ್‌ಲ್ಯಾಂಡರ್ ಬೆಸ್ಸಾ ಆರ್2ಎಂ. ಜಪಾನಿನ ಕೊಸಿನಾ ಮಾಡಿದ್ದು. 35, 50, 75, 90ರ ಗೆರೆಗಳಿವೆ. ಬ್ಯಾಟರಿ ಸತ್ತರೆ ಮೀಟರ್ ಮಾತ್ರ ಹೋಗುತ್ತೆ, ಶಟರ್ ನಡೆಯುತ್ತೆ. ಲೈಕಾ ಎಂ ಲೆನ್ಸ್ ಕೂರೋ ಇಂಥ ಎಂ ಬಾಯಿಯ ಬಾಡಿಗೆ ತೆಳು ಉಂಗುರ ಹಾಕಿ ಹಳೆಯ 39 ಮಿ.ಮೀ. ತಿರುಪಿನ ಲೆನ್ಸೂ ಕೂರಿಸಬಹುದು. ತಿರುಪಿನ ಬಾಡಿಗೆ ಎಂ ಲೆನ್ಸ್ ಕೂರಲ್ಲ. ನನಗೆ ಇದೇ ದೊಡ್ಡ ಲಾಭ ಅನ್ನಿಸಿತು.

ಆಮೇಲೆ ಒಂದು ಹುಳು ನೂಲು ಬಿಡೋದನ್ನ ಹತ್ತಿರದಿಂದ ತೆಗೀಬೇಕು ಅಂದೆ. ದೊಡ್ಡಪ್ಪ ಎದ್ದು ಟೇಪು ತಂದರು. ನನ್ನ ಕಣ್ಣಿನಿಂದ ಟೀಪಾಯಿಯ ಕಡೆಗೆ 70 ಸೆಂ.ಮೀ. ಅಳೆದು ಹಿಡಿದರು.

"ಈ ಜಾತಿ ಕ್ಯಾಮೆರಾ ಇದಕ್ಕಿಂತ ಹತ್ತಿರ ಬರಲ್ಲ. ಹಳೇ ತಿರುಪಿನ ಲೆನ್ಸ್ ಆದ್ರೆ ಸುಮಾರು ಒಂದು ಮೀಟರಿಗೇ ನಿಲ್ಲುತ್ತೆ. ನಿನ್ನ ಹುಳು ನೆಗೆಟಿವ್‌ನಲ್ಲಿ ಅಕ್ಕಿಕಾಳಷ್ಟು ಬರುತ್ತೆ."

ಹೊಟ್ಟೆಗೆ ಸಂಕಟವಾಯಿತು. ನನ್ನ ಮನಸ್ಸಿನಲ್ಲಿದ್ದ ಮೊದಲ ಚಿತ್ರವೇ ಅದು. ಹಾಗಾದ್ರೆ ಲೆನ್ಸಿನ ಮೂಲಕವೇ ಕನ್ನಡಿಯಲ್ಲಿ ನೋಡೋ ಎಸ್‌ಎಲ್‌ಆರ್ ತಗೊಳ್ಳಲಾ ಅಂದೆ.

"ಕನ್ನಡಿ ಟಪ್ ಅಂತ ಎದ್ದು ಬೀಳುತ್ತೆ. ನಿಮ್ಮತ್ತೆ ತಲೆ ಎತ್ತಿ ನಿನ್ನ ನೋಡ್ತಾಳೆ, ನಗ್ತಾಳೆ. ಅದು ಬೇಕಾ?"

ಬೇಡ. ಅತ್ತೆ ಕೆಲಸದಲ್ಲಿ ಮುಳುಗಿರುವ ಮುಖ ಬೇಕು. ಅವರ ಮೂಗುಬೊಟ್ಟಿನ ಮೇಲೆ ಎರಡು ಬಿಂಬ ಸರಿದು ಒಂದಾಗಬೇಕು, ಆಗ ಒತ್ತಬೇಕು. ಕಮ್ಮಿ ಬೆಳಕಿಗೂ ಆಗೋ 400ರ ರೀಲ್, ಲೆನ್ಸಿನ ಕಿಂಡಿ ಎಫ್ 2 (ಅಂಕಿ ಚಿಕ್ಕದಾದಷ್ಟು ಬೆಳಕು ಜಾಸ್ತಿ), ಶಟರ್ ಸೆಕೆಂಡಿನ 30ನೇ ಒಂದು ಭಾಗ. ಕನ್ನಡಿ ಇಲ್ಲದಿದ್ದರೆ ಅಷ್ಟು ನಿಧಾನದಲ್ಲೂ ಕೈಯಲ್ಲಿ ಹಿಡಿದು ತೆಗೆಯಬಹುದು. ಹುಳುವಿನ ಚಿತ್ರ ಬಿಟ್ಟೆ. ಬಿಟ್ಟೆ ಅಂತ ಬರೆಯುವಾಗಲೂ ಮನಸ್ಸು ಒಪ್ಪುತ್ತಿಲ್ಲ.

ಲೆನ್ಸ್ ಎರಡೇ ಸಾಕು. 35ಕ್ಕೆ ಅಲ್ಟ್ರಾನ್ ಎಫ್ 1.7. ಇನ್ನೊಂದು 35, ಕಲರ್ ಸ್ಕೋಪಾರ್, ಪುಟ್ಟದು, ಚೆಂದ, ಆದರೆ ಎಫ್ 2.5 ಆ ಕೋಣೆಗೆ ಸಾಲದು. 50ಕ್ಕೆ ನಾನು ರಷ್ಯದ ಜುಪಿಟರ್-8 ಅಂದುಕೊಂಡಿದ್ದೆ. ಅದು ಈ ಬಾಡಿಗಳಲ್ಲಿ ಪೂರ್ತಿ ತೆರೆದು ಹತ್ತಿರದ್ದು ತೆಗೆದರೆ ಫೋಕಸ್ ಜಾರುತ್ತೆ ಅಂದರು ದೊಡ್ಡಪ್ಪ. ಕ್ಯಾನನ್ 50 ಎಫ್ 1.8 ನೋಡು, ಆದರೆ ಹಿಂದಿನಿಂದ ಟಾರ್ಚ್ ಬಿಟ್ಟು ನೋಡದೆ ದುಡ್ಡು ಕೊಡಬೇಡ, ಒಳಗೆ ಮಂಜು ಕಟ್ಟಿರೋದು ಜಾಸ್ತಿ. ಎಳೆ ಎಳೆಯಾಗಿ ಬಿಳಿ ಕಂಡರೆ ಬೂಷ್ಟು, ಸುಮ್ನೆ ವಾಪಸ್ ಕೊಟ್ಟುಬಿಡು.

ಬೆಂಗಳೂರಿನಲ್ಲಿ ಒಬ್ಬರ ಹತ್ತಿರ ಆರ್2ಎಂ ಇದೆ. ಇಲ್ಲಿಗೇ ತರ್ತಾರಂತೆ. ತಾರಸಿಗೆ ಹೋಗಿ ಲೆನ್ಸ್ ಅನಂತಕ್ಕೆ ತಿರುಗಿಸಿ ನಂದಿ ಬೆಟ್ಟದ ಅಂಚು ನೋಡಬೇಕು. ಎರಡಾಗಿ ಕಂಡರೆ ರೇಂಜ್‌ಫೈಂಡರ್ ಸರಿಯಿಲ್ಲ ಅಂತ. ಅವರು ಬಾಡಿ ಜೊತೆ 35 ಅಲ್ಲ, 75 ಕೊಡ್ತೀನಿ ಅಂತಿದ್ದಾರೆ. ನನಗೆ 75 ಏನಕ್ಕೆ? ಬಾಡಿ ಬಿಡಿಯಾಗಿ ಕೊಡ್ತಾರಾ ಕೇಳಬೇಕು. ಇಲ್ಲಾ ಅಂದ್ರೆ 75 ತಗೊಂಡು ಮಾರಿ, ಅಷ್ಟರಲ್ಲಿ ಹುಳು ಹಣ್ಣಾಗಿ