ಡ್ಯಾಕ್ ತರುವ ಮೊದಲು, ತಂದ ಮೇಲೆ

ಡಿಜಿಟಲ್ ಹಾಡು ಕೇಳುವ ಎಲ್ಲರ ಮನೆಯಲ್ಲೂ ಡ್ಯಾಕ್ (ಡಿಜಿಟಲ್ ಟು ಅನಲಾಗ್ ಕನ್ವರ್ಟರ್, ಹಾಡಿನ ಅಂಕಿಗಳನ್ನು ವೋಲ್ಟೇಜ್ ಆಗಿಸುವ ಸಾಧನ) ಈಗಾಗಲೇ ಇದೆ. ಟಿವಿಯಲ್ಲಿ ಒಂದು, ಲ್ಯಾಪ್‌ಟಾಪ್‌ನಲ್ಲಿ ಒಂದು, ಸಿಡಿ ಪ್ಲೇಯರ್‌ನಲ್ಲಿ ಒಂದು, ಬ್ಲೂಟೂತ್ ಸ್ಪೀಕರಿನ ಹೊಟ್ಟೆಯೊಳಗೆ ಇನ್ನೊಂದು. ಅಂಕಿಗಳ ಸಾಲು ಏರಿಳಿಯುವ ವೋಲ್ಟೇಜ್ ಆಗದೆ ಸ್ಪೀಕರಿನ ಕೋನ್ ಅಲುಗಾಡುವುದೇ ಇಲ್ಲ. ಹೊಸ ಡ್ಯಾಕ್ ತರುವುದೆಂದರೆ ಆ ಕೆಲಸವನ್ನು ಈಗಿರುವ ಜಾಗದಿಂದ ಬಿಡಿಸಿ ಬೇರೊಂದು ಪೆಟ್ಟಿಗೆಗೆ ವಹಿಸುವುದು, ಅಷ್ಟೇ. ಈಗ ಅದು ಎಲ್ಲಿ ನಡೆಯುತ್ತಿದೆ ಎಂದು ನೋಡದೆ ಹೊಸದನ್ನು ತಂದರೆ ದುಡ್ಡು ದಂಡ.

ದಂಡವಾಗುವ ಸಾಮಾನ್ಯ ದಾರಿ ಹೋಮ್ ಥಿಯೇಟರ್ ರಿಸೀವರ್. ಒಳ್ಳೆಯ ಡ್ಯಾಕ್ ತಂದು, ಅದರ ಆರ್‌ಸಿಎ (ಕೆಂಪು-ಬಿಳಿ ಪ್ಲಗ್ಗಿನ ಅನಲಾಗ್) ತಂತಿಗಳನ್ನು ರಿಸೀವರಿನ ಸಿಡಿ ಇನ್‌ಪುಟ್‌ಗೆ ಚುಚ್ಚುತ್ತಾರೆ. ಸಬ್‌ವೂಫರಿಗೆ ಬೇಸ್ ಬೇರ್ಪಡಿಸಲು, ಕೋಣೆಗೆ ತಕ್ಕಂತೆ ದನಿ ತಿದ್ದಲು ರಿಸೀವರಿಗೆ ಅಂಕಿಗಳೇ ಬೇಕು. ಹಾಗಾಗಿ ಅದು ಒಳಬಂದ ಅನಲಾಗ್ ಸಿಗ್ನಲನ್ನು ಮತ್ತೆ ಡಿಜಿಟಲ್ ಮಾಡಿ, ಲೆಕ್ಕ ಮುಗಿಸಿ, ತನ್ನದೇ ಡ್ಯಾಕ್‌ನಿಂದ ಹೊರಬಿಡುತ್ತದೆ. ನೀವು ಕೊನೆಗೆ ಕೇಳುವುದು ರಿಸೀವರಿನ ಡ್ಯಾಕನ್ನೇ, ನಡುವೆ ಎರಡು ಪರಿವರ್ತನೆ ಹೆಚ್ಚುವರಿ. ಪ್ಯೂರ್ ಡೈರೆಕ್ಟ್ ಅಥವಾ ಅಂಥದೇ ಹೆಸರಿನ ಮೋಡ್ ಇದ್ದರೆ ಈ ಸುತ್ತು ತಪ್ಪುತ್ತದೆ, ಆದರೆ ಕೋಣೆಯ ತಿದ್ದುಪಡಿಯೂ ಹೋಗುತ್ತದೆ. ಕೋಣೆಯ ತಿದ್ದುಪಡಿಯಿಂದ ಸಿಗುವ ಲಾಭದ ಮುಂದೆ ಡ್ಯಾಕ್‌ನಿಂದ ಡ್ಯಾಕ್‌ಗೆ ಇರುವ ವ್ಯತ್ಯಾಸ ಬಹಳ ಚಿಕ್ಕದು. ರಿಸೀವರ್ ಇದ್ದವರು ಎಚ್‌ಡಿಎಂಐ ಅಥವಾ ಆಪ್ಟಿಕಲ್‌ನಲ್ಲಿ ನೇರ ಅಂಕಿಗಳನ್ನೇ ಕೊಡುವುದು ಲೇಸು.

ಡ್ಯಾಕ್ ನಿಜಕ್ಕೂ ಕೆಲಸಕ್ಕೆ ಬರುವ ಜಾಗಗಳು ಬೇರೆ. ಅನಲಾಗ್ ಇನ್‌ಪುಟ್ ಮಾತ್ರ ಇರುವ ಹಳೆಯ ಸ್ಟೀರಿಯೊ ಆಂಪ್ಲಿಫೈಯರ್. ಆಪ್ಟಿಕಲ್ ಔಟ್ ಮಾತ್ರ ಇದ್ದು ಅನಲಾಗ್ ಔಟ್ ಇಲ್ಲದ ಟಿವಿ. ಹೆಡ್‌ಫೋನ್ ತೂತಿನಿಂದ ಆಂಪ್ಲಿಫೈಯರಿಗೆ ತಂತಿ ಎಳೆದಿರುವ, ಹಾಡು ನಿಂತಾಗ ಹಿಸ್ಸೆನ್ನುವ ಲ್ಯಾಪ್‌ಟಾಪ್. ಅನಲಾಗ್ ಭಾಗ ಸೊರಗಿದ, ಆದರೆ ಡಿಸ್ಕ್ ಓದುವುದರಲ್ಲಿ ಇನ್ನೂ ಗಟ್ಟಿಯಾಗಿರುವ, ಕೋಆಕ್ಸಿಯಲ್ ಔಟ್ (ಅಂಕಿಗಳನ್ನು ಲೋಹದ ತಂತಿಯಲ್ಲಿ ಕಳಿಸುವ ತೂತು) ಇರುವ ಸಿಡಿ ಪ್ಲೇಯರ್. ಈ ನಾಲ್ಕರಲ್ಲಿ ಒಂದೂ ನಿಮ್ಮದಲ್ಲವಾದರೆ ಆ ಹಣ ಸ್ಪೀಕರಿಗೆ ಹೋಗಲಿ.

ಒಳಬರುವ ದಾರಿ

ಚಿಪ್ಪಿನ ಹೆಸರು ನೋಡಿ ಡ್ಯಾಕ್ ಆರಿಸುವುದು ವಾಡಿಕೆ. ಅದಕ್ಕಿಂತ ಇನ್‌ಪುಟ್‌ಗಳನ್ನು ಎಣಿಸುವುದು ಉಪಯುಕ್ತ.

ಟಿವಿಗೆ ಆಪ್ಟಿಕಲ್ ಸಾಕು. 1983ರಲ್ಲಿ ತೊಶಿಬಾ ತಂದ ಈ ಬೆಳಕಿನ ದಾರಿ, ಟಾಸ್‌ಲಿಂಕ್, ಇಂದಿಗೂ ಅದೇ ರೂಪದಲ್ಲಿ ಉಳಿದಿದೆ: ಪ್ಲಾಸ್ಟಿಕ್ ಎಳೆ, ಕೆಂಪು ಬೆಳಕು. ಲೋಹದ ಸಂಪರ್ಕವೇ ಇಲ್ಲದ ಕಾರಣ ಅರ್ಥ್ ಸಂಬಂಧದ ಗುಂಯ್ ಸದ್ದು ಈ ದಾರಿಯಲ್ಲಿ ಬರುವುದಿಲ್ಲ. ಇದರ ದೊಡ್ಡ ಗುಣ ಇದೇ. ಪ್ರತಿ ಅಂಕಿಗೆ 24 ಬಿಟ್, ಸೆಕೆಂಡಿಗೆ 96 ಸಾವಿರ ಅಂಕಿ, ಅಂದರೆ 96 ಕಿಲೋಹರ್ಟ್ಜ್‌ವರೆಗೆ ನಂಬಬಹುದು. 192ಕ್ಕೆ ಕೆಲವು ಜೋಡಿಗಳು ಒಗ್ಗುತ್ತವೆ, ಕೆಲವು ಹಾಡಿನ ನಡುನಡುವೆ ಕಡಿದುಹೋಗುತ್ತವೆ. ಕೇಬಲ್ 5 ಮೀಟರಿನ ಒಳಗಿರಲಿ, ಮೂಲೆಯಲ್ಲಿ ಚೂಪಾಗಿ ಮಡಚಬೇಡಿ. ಹೊಸ ಕೇಬಲಿನ ಎರಡೂ ತುದಿಗೆ ಪಾರದರ್ಶಕ ಪ್ಲಾಸ್ಟಿಕ್ ಟೋಪಿ ಇರುತ್ತದೆ. ಅದನ್ನು ತೆಗೆಯದೆ ಒತ್ತಿ, ಕೂರುತ್ತಿಲ್ಲವೆಂದು ಸಾಕೆಟ್ಟಿನ ಬಾಗಿಲನ್ನೇ ಮುರಿಯುವವರಿದ್ದಾರೆ.

ಟಿವಿ ಜೋಡಿಸಿದ ಮೇಲೆ ಸದ್ದೇ ಇಲ್ಲ, ಅಥವಾ ಮರಳು ಸುರಿದಂಥ ಕರ್ಕಶ ಶಬ್ದ ಬಂತು ಎಂದರೆ ಡ್ಯಾಕ್ ಕೆಟ್ಟಿಲ್ಲ. ಟಿವಿ ಡಾಲ್ಬಿ ಡಿಜಿಟಲ್ ಕಳಿಸುತ್ತಿದೆ, ಸ್ಟೀರಿಯೊ ಡ್ಯಾಕ್‌ಗೆ ಅದನ್ನು ಬಿಡಿಸಲು ಬರುವುದಿಲ್ಲ. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ ಎಂಬುದನ್ನು ಆಟೋದಿಂದ ಪಿಸಿಎಂಗೆ (ಬಿಡಿಸುವ ಅಗತ್ಯವಿಲ್ಲದ ನೇರ ಅಂಕಿಗಳಿಗೆ) ಬದಲಿಸಿ. ಬಹಳಷ್ಟು ಟಿವಿಗಳಲ್ಲಿ ಆಪ್ಟಿಕಲ್ ಔಟ್ ಒಂದೇ ಮಟ್ಟದಲ್ಲಿರುತ್ತದೆ, ರಿಮೋಟಿನಲ್ಲಿ ವಾಲ್ಯೂಮ್ ಒತ್ತಿದರೆ ಏನೂ ಆಗದು. ಸೋಫಾದಿಂದ ಏಳುವ ಮನಸ್ಸಿಲ್ಲದವರು ರಿಮೋಟ್ ಇರುವ ಡ್ಯಾಕ್ ನೋಡಬೇಕು, ಇಲ್ಲವೇ ಎಚ್‌ಡಿಎಂಐ ಎಆರ್‌ಸಿ (ಟಿವಿಯ ಸದ್ದನ್ನು ಎಚ್‌ಡಿಎಂಐ ತಂತಿಯಲ್ಲೇ ಹೊರಕ್ಕೆ ಕಳಿಸುವ ಸೌಲಭ್ಯ) ಇರುವುದನ್ನು. ಎಆರ್‌ಸಿಯಲ್ಲಿ ಟಿವಿ ರಿಮೋಟೇ ಡ್ಯಾಕ್‌ನ ವಾಲ್ಯೂಮನ್ನು ಏರಿಸಿ ಇಳಿಸಬಲ್ಲದು.

ಕೋಆಕ್ಸಿಯಲ್‌ಗೆ 75 ಓಮ್ ಕೇಬಲ್ ಬೇಕು. ಹಳೆಯ ವಿಡಿಯೊ ತಂತಿ, ಹಳದಿ ಪ್ಲಗ್ಗಿನದು, ಅದೇ ಜಾತಿ. ಡಬ್ಬದಲ್ಲಿ ಬಿದ್ದಿದ್ದರೆ ತೆಗೆದು ಹಾಕಿ.

ಕಂಪ್ಯೂಟರಿಗೆ ಯುಎಸ್‌ಬಿ. ಇಂದಿನ ಡ್ಯಾಕ್‌ಗಳು ಬಹುತೇಕ ಅಸಿಂಕ್ರೊನಸ್: ಗಡಿಯಾರ ಡ್ಯಾಕ್‌ನದು, ಮುಂದಿನ ಅಂಕಿಗಳು ಯಾವಾಗ ಬರಬೇಕೆಂದು ಕಂಪ್ಯೂಟರಿಗೆ ಹೇಳುವುದು ಅದೇ. ಜಿಟ್ಟರ್ (ಅಂಕಿಗಳ ಸಮಯದಲ್ಲಿನ ಏರುಪೇರು) ಎಂದು ಹೆದರಿಸುವ ಜಾಹೀರಾತುಗಳಿಗೆ ಉತ್ತರ ಇಷ್ಟೇ. ಯುಎಸ್‌ಬಿಯಲ್ಲಿ ಸದ್ದು ಕಳಿಸುವ ನಿಯಮದ ಮೊದಲ ಆವೃತ್ತಿ, ಯುಎಸ್‌ಬಿ ಆಡಿಯೊ ಕ್ಲಾಸ್ 1, ಇದ್ದರೆ 24 ಬಿಟ್, 96 ಕಿಲೋಹರ್ಟ್ಜ್‌ಗೆ ನಿಲ್ಲುತ್ತದೆ, ಡ್ರೈವರ್ ಯಾವುದಕ್ಕೂ ಬೇಡ. ಕ್ಲಾಸ್ 2 ಅದಕ್ಕಿಂತ ಮೇಲೆ ಹೋಗುತ್ತದೆ. ಮ್ಯಾಕ್ ಮತ್ತು ಲಿನಕ್ಸ್ ಅದನ್ನು ಬಹಳ ಹಿಂದೆಯೇ ಕಲಿತವು, ವಿಂಡೋಸ್ ಕಲಿತದ್ದು 2017ರ ವಿಂಡೋಸ್ 10 ಅಪ್‌ಡೇಟಿನಲ್ಲಿ. ಅದಕ್ಕಿಂತ ಹಳೆಯ ವಿಂಡೋಸ್‌ಗೆ ತಯಾರಕರ ಡ್ರೈವರ್ ಹಾಕಲೇಬೇಕು. ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪ್. ಫೋನಿಗೋ ಹಬ್ಬಿಗೋ ಸಿಕ್ಕಿಸಿದ ಡ್ಯಾಕ್ ಆಗಾಗ ಕಾಣೆಯಾಗಿ ಮತ್ತೆ ಪ್ರತ್ಯಕ್ಷವಾಗುತ್ತಿದ್ದರೆ ಮೊದಲ ಅನುಮಾನ ಕರೆಂಟಿನ ಮೇಲಿರಲಿ: ಸ್ವಂತ ಅಡಾಪ್ಟರ್ ಇರುವ ಹಬ್ ಹಾಕಿ ನೋಡಿ.

ಹೊರಹೋಗುವ ಮಟ್ಟ

ಡ್ಯಾಕ್‌ನ ಆರ್‌ಸಿಎ ಔಟ್‌ಪುಟ್ ಪೂರ್ಣ ಮಟ್ಟದಲ್ಲಿ ಸಾಮಾನ್ಯವಾಗಿ 2 ವೋಲ್ಟ್, ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಪ್ಲಗ್) ಇದ್ದರೆ 4 ವೋಲ್ಟ್. ಇದನ್ನು ಆಂಪ್ಲಿಫೈಯರಿನ ಸಿಡಿ, ಆಕ್ಸ್ ಅಥವಾ ಲೈನ್ ಎಂದು ಬರೆದ ಜಾಗಕ್ಕೆ ಕೊಡಬೇಕು. ಫೋನೊ ಎಂದು ಬರೆದದ್ದಕ್ಕೆ ಖಂಡಿತ ಅಲ್ಲ. ಅದು ಗ್ರಾಮಫೋನ್ ಸೂಜಿಯ ಕೆಲವೇ ಮಿಲಿವೋಲ್ಟ್‌ಗೆ ಮಾಡಿದ್ದು, ಸುಮಾರು 40 ಡೆಸಿಬೆಲ್ ಹಿಗ್ಗಿಸುತ್ತದೆ, ಜೊತೆಗೆ ಬೇಸ್ ಉಬ್ಬಿಸುತ್ತದೆ. ಅಲ್ಲಿಗೆ 2 ವೋಲ್ಟ್ ಹೋದರೆ ಬರುವುದು ಹರಿದ ದನಿ.

ಸರಿಯಾದ ತೂತಿಗೆ ಹಾಕಿದರೂ ಒಂದು ತೊಡಕು ಉಳಿಯುತ್ತದೆ, ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ಹಳೆಯ ಆಂಪ್ಲಿಫೈಯರುಗಳಿಗೆ 200 ಮಿಲಿವೋಲ್ಟ್ ಆಸುಪಾಸು ಬಂದರೆ ಪೂರ್ಣ ಶಕ್ತಿ ಹೊರಡುತ್ತದೆ. 2 ವೋಲ್ಟ್ ಎಂದರೆ ಅದರ ಹತ್ತು ಪಟ್ಟು, 20 ಡೆಸಿಬೆಲ್ ಜಾಸ್ತಿ. ಪರಿಣಾಮ: ವಾಲ್ಯೂಮ್ ಗುಬ್ಬಿಯನ್ನು ಒಂದಿಷ್ಟು ತಿರುಗಿಸಿದರೆ ಮನೆಯೆಲ್ಲ ಗದ್ದಲ, ಮೆಲ್ಲಗೆ ಕೇಳೋಣವೆಂದರೆ ಗುಬ್ಬಿ ಸೊನ್ನೆಯ ಪಕ್ಕದಲ್ಲೇ ಇರಬೇಕು. ಆ ಜಾಗದಲ್ಲಿ ಎಡಬಲದ ಪೊಟೆನ್ಶಿಯೋಮೀಟರುಗಳು ಒಂದೇ ಸಮ ಇರುವುದಿಲ್ಲ, ಹಾಡುಗಾರ ಒಂದು ಪಕ್ಕಕ್ಕೆ ಸರಿದುಬಿಡುತ್ತಾರೆ. ಡ್ಯಾಕ್ ತಂದ ಮೇಲೆ ಸ್ಟೀರಿಯೊ ಕೆಟ್ಟಿತು ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇದೇ.

ಪರಿಹಾರ ಎರಡು. ಡ್ಯಾಕ್‌ನಲ್ಲಿ ವಾಲ್ಯೂಮ್ ಇದ್ದರೆ ಅದನ್ನು 10ರಿಂದ 12 ಡೆಸಿಬೆಲ್ ಇಳಿಸಿ ಹಾಗೇ ಬಿಡಿ. ಡಿಜಿಟಲ್ ವಾಲ್ಯೂಮ್ ಇಳಿಸಿದರೆ ಬಿಟ್ ಕಳೆದುಹೋಗುತ್ತದೆ ಎಂಬ ಭಯ 16 ಬಿಟ್ ಲೆಕ್ಕದ ಕಾಲದ್ದು. 6 ಡೆಸಿಬೆಲ್‌ಗೆ 1 ಬಿಟ್ ಎಂದರೂ 12ಕ್ಕೆ 2 ಬಿಟ್. ಒಳಗಿನ ಲೆಕ್ಕ 24 ಅಥವಾ 32 ಬಿಟ್‌ನಲ್ಲಿ ನಡೆಯುವಾಗ ಸಿಡಿಯ 16 ಬಿಟ್‌ಗೆ ಏನೂ ಆಗದು. 115 ಡೆಸಿಬೆಲ್ ಸಿಗ್ನಲ್-ನಾಯ್ಸ್ ಅಂತರ ಇರುವ ಡ್ಯಾಕನ್ನು 12 ಇಳಿಸಿದರೂ 103 ಉಳಿಯುತ್ತದೆ, ಸಿಡಿಗೆ ಬೇಕಾದದ್ದು ಸುಮಾರು 96. ಇಳಿಸುವುದರಲ್ಲಿ ಇನ್ನೊಂದು ಲಾಭವೂ ಇದೆ. ಈಗಿನ ಹಾಡುಗಳನ್ನು ಗರಿಷ್ಠ ಮಟ್ಟಕ್ಕೆ ಒತ್ತಿ ಮಾಸ್ಟರ್ ಮಾಡಿರುತ್ತಾರೆ, ಎರಡು ಸ್ಯಾಂಪಲ್ಲುಗಳ (ಅಕ್ಕಪಕ್ಕದ ಅಂಕಿಗಳ) ನಡುವಿನ ಅಲೆ ಆ ಮಿತಿಯನ್ನೂ ದಾಟಬಹುದು. ಕನಿಷ್ಠ 3 ಡೆಸಿಬೆಲ್ ಇಳಿಸಿಟ್ಟರೆ ಡ್ಯಾಕ್‌ನ ಫಿಲ್ಟರಿನಲ್ಲಿ ಆ ಅಲೆಯ ತಲೆ ಕತ್ತರಿಸಿಹೋಗುವುದಿಲ್ಲ. ಈ ಕಾರಣಕ್ಕೆ ಇಳಿಸುವುದಾದರೆ ಪ್ಲೇಯರಿನಲ್ಲೇ ಇಳಿಸುವುದು ಖಚಿತ ದಾರಿ.

ಡ್ಯಾಕ್‌ನಲ್ಲಿ ವಾಲ್ಯೂಮ್ ಇಲ್ಲವೇ? ಬೆಸುಗೆ ಬಲ್ಲವರು ಪ್ರತಿ ಚಾನೆಲ್‌ಗೆ ಎರಡು ರೆಸಿಸ್ಟರ್ ಹಾಕಬಹುದು: ಸಿಗ್ನಲ್ ದಾರಿಯಲ್ಲಿ 10 ಕಿಲೋಓಮ್, ಅದರ ನಂತರ ಸಿಗ್ನಲ್‌ನಿಂದ ಗ್ರೌಂಡಿಗೆ 4.7 ಕಿಲೋಓಮ್. ಆಂಪ್ಲಿಫೈಯರಿನ ಇನ್‌ಪುಟ್ 47 ಕಿಲೋಓಮ್ ಇದ್ದರೆ ಸುಮಾರು 10.5 ಡೆಸಿಬೆಲ್ ಇಳಿಯುತ್ತದೆ. ಶೇಕಡಾ 1 ನಿಖರತೆಯ ರೆಸಿಸ್ಟರ್ ಬಳಸಿ, ಇಲ್ಲದಿದ್ದರೆ ಎಡಬಲದ ತಕರಾರು ಇಲ್ಲೂ ಶುರು. ಇದನ್ನು ಕೇಬಲಿನ ಆಂಪ್ಲಿಫೈಯರ್ ಕಡೆಯ ತುದಿಯಲ್ಲಿ ಕೂರಿಸಿ. ಸಿದ್ಧ ಅಟೆನ್ಯುಯೇಟರ್ ಪ್ಲಗ್ಗುಗಳೂ ಸಿಗುತ್ತವೆ, ಒಳಗಿರುವುದು ಇದೇ.

ಪವರ್ ಆಂಪ್ಲಿಫೈಯರಿಗೆ ಡ್ಯಾಕನ್ನು ನೇರ ಜೋಡಿಸುವವರು ಒಂದು ಎಚ್ಚರ ವಹಿಸಬೇಕು. ಕೆಲವು ಡ್ಯಾಕ್‌ಗಳು ಕರೆಂಟ್ ಹೋಗಿ ಬಂದಾಗ, ಇಲ್ಲವೇ ಫರ್ಮ್‌ವೇರ್ ಬದಲಿಸಿದಾಗ ಫಿಕ್ಸೆಡ್ ಔಟ್‌ಪುಟ್‌ಗೆ ಮರಳುತ್ತವೆ. ಫಿಕ್ಸೆಡ್ ಎಂದರೆ ಪೂರ್ಣ 2 ವೋಲ್ಟ್, ಟ್ವೀಟರ್ ಸುಡಲು ಅಷ್ಟು ಸಾಕಾಗಬಹುದು. ಆನ್ ಮಾಡುವಾಗ ಡ್ಯಾಕ್ ಮೊದಲು, ಪವರ್ ಆಂಪ್ಲಿಫೈಯರ್ ಕೊನೆಗೆ. ಆಫ್ ಮಾಡುವಾಗ ತಿರುಗುಮುರುಗು.

ಗುಂಯ್ ಎಂದರೆ

ಲ್ಯಾಪ್‌ಟಾಪ್‌ನ ಅಡಾಪ್ಟರಿಗೆ ಅರ್ಥ್ ಇದೆ, ಆಂಪ್ಲಿಫೈಯರಿಗೂ ಇದೆ, ನಡುವೆ ಯುಎಸ್‌ಬಿ ಮತ್ತು ಆರ್‌ಸಿಎ ಕೇಬಲುಗಳ ಹೊದಿಕೆ ಎರಡನ್ನೂ ಜೋಡಿಸುತ್ತದೆ. ಹೀಗೆ ಒಂದು ಬಳೆ ಪೂರ್ಣಗೊಂಡು, ಎರಡು ಅರ್ಥ್‌ಗಳ ನಡುವಿನ ಸಣ್ಣ ವೋಲ್ಟೇಜ್ ವ್ಯತ್ಯಾಸ ಆರ್‌ಸಿಎ ಹೊದಿಕೆಯಲ್ಲಿ ಕರೆಂಟಾಗಿ ಹರಿಯುತ್ತದೆ. ಆ ಹೊದಿಕೆಯೇ ಸಿಗ್ನಲಿನ ಒಂದು ಕಾಲೂ ಆಗಿರುವುದರಿಂದ 50 ಅಥವಾ 60 ಹರ್ಟ್ಜ್‌ನ ಗುಂಯ್ ಸ್ಪೀಕರಿನಲ್ಲಿ ಕೇಳುತ್ತದೆ. ಮೌಸ್ ಆಡಿಸಿದಾಗ ಚಿರ್ರೆನ್ನುವುದೂ ಇದೇ ಬಳೆಯ ಕೆಲಸ, ಈ ಸಲ ಹರಿದದ್ದು ಕಂಪ್ಯೂಟರಿನೊಳಗಿನ ಗಲಾಟೆ.

ಪತ್ತೆಗೆ ಹತ್ತು ನಿಮಿಷ ಸಾಕು. ಆಂಪ್ಲಿಫೈಯರಿನಲ್ಲಿ ಏನೂ ಜೋಡಿಸದ ಇನ್‌ಪುಟ್ ಆರಿಸಿ. ಆಗಲೂ ಗುಂಯ್ ಎಂದರೆ ತಪ್ಪು ಆಂಪ್ಲಿಫೈಯರಿನದು. ಇಲ್ಲವಾದರೆ ಡ್ಯಾಕ್‌ನ ಇನ್‌ಪುಟ್‌ಗೆ ಮರಳಿ, ವಾಲ್ಯೂಮ್ ತಗ್ಗಿಸಿ, ಯುಎಸ್‌ಬಿ ತಂತಿ ಕಿತ್ತು ನೋಡಿ. ಸದ್ದು ನಿಂತರೆ ದಾರಿ ಕಂಪ್ಯೂಟರಿನದು. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿದಾಗ ಮೌನವಾದರೆ ಅನುಮಾನವೇ ಉಳಿಯದು. ಟಿವಿ ಸೇರಿಸಿದಾಗ ಮಾತ್ರ ಗುಂಯ್ ಬರುವುದಾದರೆ ಟಿವಿಗೆ ಬರುವ ಆಂಟೆನಾ ಅಥವಾ ಕೇಬಲ್ ತಂತಿಯನ್ನು ಬಿಚ್ಚಿ ನೋಡಿ, ಅದರ ಹೊದಿಕೆ ಬೇರೆಲ್ಲೋ ನೆಲಕ್ಕೆ ಸೇರಿರುತ್ತದೆ.

ಎಲ್ಲವನ್ನೂ ಒಂದೇ ಪವರ್ ಸ್ಟ್ರಿಪ್‌ಗೆ ಹಾಕುವುದು ಮೊದಲ ಮದ್ದು. ಕಂಪ್ಯೂಟರಿನಲ್ಲಿ ಆಪ್ಟಿಕಲ್ ಔಟ್ ಇದ್ದರೆ ಅದು ಪೂರ್ಣ ಮದ್ದು. ಇಲ್ಲವಾದರೆ ಯುಎಸ್‌ಬಿ ಐಸೊಲೇಟರ್, ಆದರೆ ಅಗ್ಗದವು ಫುಲ್ ಸ್ಪೀಡ್, ಅಂದರೆ ಸೆಕೆಂಡಿಗೆ 12 ಮೆಗಾಬಿಟ್‌ಗೆ ಸೀಮಿತ. ಅದರ ಹಿಂದೆ ಕ್ಲಾಸ್ 2 ಡ್ಯಾಕ್ ಇಟ್ಟರೆ 96 ಕಿಲೋಹರ್ಟ್ಜ್‌ಗೆ ಇಳಿಯುತ್ತದೆ, ಇಲ್ಲವೇ ಕಾಣಿಸಿಕೊಳ್ಳುವುದೇ ಇಲ್ಲ. ಹೈ ಸ್ಪೀಡ್, 480 ಮೆಗಾಬಿಟ್ ಎಂದು ಬರೆದದ್ದೇ ಬೇಕು. ಆರ್‌ಸಿಎ ದಾರಿಯಲ್ಲಿ ಕೂರುವ ಪುಟ್ಟ ಟ್ರಾನ್ಸ್‌ಫಾರ್ಮರ್ ಡಬ್ಬಿಗಳು ಗುಂಯ್ ತೆಗೆಯುತ್ತವೆ, ಜೊತೆಗೆ 2 ವೋಲ್ಟ್ ಬೇಸ್ ಬಂದಾಗ ಕೋರ್ ತುಂಬಿ ದನಿಯನ್ನೂ ಕೆಡಿಸುತ್ತವೆ. ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸುವ ಸಲಹೆ ಯಾರು ಕೊಟ್ಟರೂ ಕೇಳಬೇಡಿ. ಒಳಗೆ ಲೈವ್ ತಂತಿ ಕಳಚಿ ಲೋಹದ ಕವಚಕ್ಕೆ ತಾಗಿದ ದಿನ ಜೀವ ಉಳಿಸುವುದು ಆ ಪಿನ್.

ಸಾಫ್ಟ್‌ವೇರ್ ಮತ್ತು ಕಿವಿ

ವಿಂಡೋಸ್ ಎಲ್ಲ ಸದ್ದನ್ನೂ ತನ್ನ ಮಿಕ್ಸರಿಗೆ ಹಾಕಿ, ಸೌಂಡ್ ಪ್ರಾಪರ್ಟೀಸ್‌ನಲ್ಲಿ ಆರಿಸಿದ ಒಂದೇ ದರಕ್ಕೆ ಬದಲಿಸುತ್ತದೆ. ಹೆಚ್ಚಾಗಿ ಸಿಡಿ ಮಟ್ಟದ ಹಾಡು ಕೇಳುವವರು ಅಲ್ಲಿ 24 ಬಿಟ್, 44.1 ಕಿಲೋಹರ್ಟ್ಜ್ ಇಡಿ, ಸಿನಿಮಾ ಹೆಚ್ಚಾದರೆ 48. ಬದಲಾವಣೆಯೇ ಬೇಡವೆಂದರೆ ಪ್ಲೇಯರಿನಲ್ಲಿ ವಾಸಾಪಿ ಎಕ್ಸ್‌ಕ್ಲೂಸಿವ್ ಮೋಡ್ (ಮಿಕ್ಸರನ್ನು ಬಿಟ್ಟು ನೇರ ಡ್ಯಾಕ್‌ಗೆ ಕಳಿಸುವ ದಾರಿ) ಆರಿಸಿ. ಮ್ಯಾಕ್‌ನಲ್ಲಿ ಆಡಿಯೊ ಮಿಡಿ ಸೆಟಪ್‌ಗೆ ಹೋಗಿ ದರ ಇಡಬೇಕು. ಆಂಡ್ರಾಯ್ಡ್ ಸಾಮಾನ್ಯವಾಗಿ ಎಲ್ಲವನ್ನೂ 48ಕ್ಕೆ ತರುತ್ತದೆ. ನಿಜ ಹೇಳಬೇಕೆಂದರೆ ಈಗಿನ ದರ ಪರಿವರ್ತನೆ ಕಿವಿಗೆ ಸಿಗುವಷ್ಟು ಕೆಟ್ಟದ್ದೇನಲ್ಲ. ಹಾಡಿನ ನಡುವೆ ನೋಟಿಫಿಕೇಶನ್ ಟಿಂಗ್ ಎನ್ನದಿರುವುದೇ ಎಕ್ಸ್‌ಕ್ಲೂಸಿವ್ ಮೋಡಿನ ದೊಡ್ಡ ಉಪಕಾರ. ಡ್ಯಾಕ್‌ನಲ್ಲಿ ಫಿಲ್ಟರುಗಳ ಪಟ್ಟಿ ಇದ್ದರೆ ಫಾಸ್ಟ್ ರೋಲ್ ಆಫ್ ಎಂಬುದನ್ನು ಆರಿಸಿ ಮರೆತುಬಿಡಿ.

ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸ ಕೇಳಬೇಕೆಂದರೆ ಮೊದಲು ಮಟ್ಟ ಸಮ ಮಾಡಿ. 1 ವೋಲ್ಟ್ ಕೊಡುವ ಫೋನಿಗಿಂತ 2 ವೋಲ್ಟ್ ಡ್ಯಾಕ್ 6 ಡೆಸಿಬೆಲ್ ಜೋರು, ಜೋರಾದದ್ದೇ ಕಿವಿಗೆ ಒಳ್ಳೆಯದೆನಿಸುತ್ತದೆ. ಗರಿಷ್ಠಕ್ಕಿಂತ 20 ಡೆಸಿಬೆಲ್ ಕೆಳಗಿನ 50 ಅಥವಾ 60 ಹರ್ಟ್ಜ್ ಟೋನ್ ಹಾಕಿ, ಸ್ಪೀಕರ್ ತಂತಿಯ ಎರಡು ತುದಿಗೆ ಮಲ್ಟಿಮೀಟರನ್ನು ಎಸಿಯಲ್ಲಿ ಹಿಡಿದು, ಎರಡೂ ಮೂಲಗಳ ಅಂಕಿ ಶೇಕಡಾ 1ರ ಒಳಗೆ ಬರುವಂತೆ ಹೊಂದಿಸಿ. ಅಗ್ಗದ ಮೀಟರುಗಳು 1 ಕಿಲೋಹರ್ಟ್ಜ್‌ನಲ್ಲಿ ತಪ್ಪು ತೋರಿಸಬಹುದು, ಅದಕ್ಕೇ ಕೆಳಗಿನ ಟೋನ್. ಮೀಟರಿನ ಎರಡು ಮೊನೆ ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ, ಆಂಪ್ಲಿಫೈಯರ್ ಶಾರ್ಟ್ ಆಗುತ್ತದೆ. ಆಮೇಲೆ ಬೇರೆಯವರ ಕೈಯಲ್ಲಿ ಸ್ವಿಚ್ ಕೊಟ್ಟು, ಯಾವುದು ಓಡುತ್ತಿದೆ ಎಂದು ಕಾಣದಂತೆ ಕುಳಿತು ಕೇಳಿ.

ಹಾಡಿನ ಮೊದಲ ಅರ್ಧ ಸೆಕೆಂಡ್ ನುಂಗಿಹೋಗುತ್ತಿದ್ದರೆ ಡ್ಯಾಕ್ ಹೊಸ ದರಕ್ಕೆ ಹೊಂದಿಕೊಳ್ಳುವವರೆಗೆ ತನ್ನನ್ನು ಮ್ಯೂಟ್ ಮಾಡಿಕೊಳ್ಳುತ್ತಿದೆ ಎಂದರ್ಥ, ಒಳಗಿನ ರಿಲೇಯ ಟಕ್ ಸದ್ದೂ ಅದರದ್ದೇ. ಪ್ಲೇಯರಿನಲ್ಲಿ ಹಾಡಿನ ಮುಂಚೆ ಮೌನ ಸೇರಿಸುವ ಆಯ್ಕೆ ಇದ್ದರೆ ಒಂದು ಸೆಕೆಂಡ್ ಇಡಿ. ಇಲ್ಲದಿದ್ದರೆ ಎಲ್ಲವನ್ನೂ ಒಂದೇ ದರಕ್ಕೆ ಕಟ್ಟಿಹಾಕಿ.