ಇಷ್ಟೆಲ್ಲ ಕೆಲಸದ ನಡುವೆ ಮನೆಯವರಿಗೆ ಸಮಯ ಎಲ್ಲಿಂದ ಬರುತ್ತದೆ?

ನೀವಿಬ್ಬರೂ ದುಡಿಯುತ್ತೀರಿ, ಓದುವ ಮಕ್ಕಳಿದ್ದಾರೆ, ಹಾಸಿಗೆ ಹಿಡಿದ ಅತ್ತೆಯವರ ಆರೈಕೆಯೂ ಇದೆ. ಇಷ್ಟರ ನಡುವೆ ಮನೆಯವರೆಲ್ಲ ಒಟ್ಟಿಗೆ ಕಳೆಯಲು ಸಮಯವನ್ನು ಹೇಗೆ ಹೊಂದಿಸಿಕೊಳ್ಳುತ್ತೀರಿ ಎಂದು ನನ್ನನ್ನು ಅನೇಕರು ಕೇಳುತ್ತಾರೆ. ಕೇಳುವವರಲ್ಲಿ ಹೆಚ್ಚಿನವರು ತಾವೂ ಇಂಥದೇ ಕಾಲವೊಂದನ್ನು ದಾಟುತ್ತಿರುವವರು. ಕೂಸು ಹುಟ್ಟಿದ ಮೊದಲ ವರ್ಷದವರು, ಕೆಲಸದ ಜೊತೆಗೆ ಪರೀಕ್ಷೆಗೆ ಓದುತ್ತಿರುವವರು, ಹೊಸ ಉದ್ಯಮ ಆರಂಭಿಸಿ ಉಸಿರಾಡಲು ಬಿಡುವಿಲ್ಲದವರು. ಅವರ ದನಿಯಲ್ಲಿನ ಆಯಾಸ ನನಗೆ ಪರಿಚಿತವಾದದ್ದರಿಂದ, ಎದುರಿಗೆ ಸಿಕ್ಕಾಗ ಎರಡು ಮಾತಿನಲ್ಲಿ ಹೇಳಿ ಮುಗಿಸುವ ಉತ್ತರವನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ಸರಳ ಲೆಕ್ಕವನ್ನು ನೋಡಬೇಕು. ವಾರವೊಂದಕ್ಕೆ 168 ಗಂಟೆಗಳು. ದಿನಕ್ಕೆ 8 ಗಂಟೆಯಂತೆ ನಿದ್ದೆಗೆ 56 ಗಂಟೆಗಳನ್ನು ತೆಗೆದಿಡೋಣ. ದಿನಕ್ಕೆ 8, ವಾರಕ್ಕೆ 48 ಗಂಟೆಗಳ ದುಡಿಮೆಯೆಂಬ ಮಿತಿಯನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1919ರಲ್ಲಿ ತನ್ನ ಮೊದಲನೆಯ ಒಡಂಬಡಿಕೆಯಲ್ಲಿಯೇ ಕೈಗಾರಿಕೆಗಳಿಗೆ ಗೊತ್ತುಪಡಿಸಿತು. ಅದನ್ನೂ ಕಳೆದರೆ 64 ಗಂಟೆಗಳು ಉಳಿಯುತ್ತವೆ. ಕಾಗದದ ಮೇಲೆ ಇದು ಧಾರಾಳವಾಗಿಯೇ ಕಾಣುತ್ತದೆ. ಆದರೆ ಓಡಾಟ, ಅಡುಗೆ, ಬಟ್ಟೆಬರೆ, ಆರೈಕೆ, ಬಿಲ್ಲುಗಳ ಪಾವತಿ ಇವೆಲ್ಲ ಅದರೊಳಗಿಂದಲೇ ಹೋಗಬೇಕು, ಮತ್ತು ಹೋದ ಮೇಲೆ ಉಳಿಯುವುದು ಕಾಲು ಗಂಟೆ, ಅರ್ಧ ಗಂಟೆಯ ಚೂರುಗಳು ಮಾತ್ರ. ಅದಕ್ಕಿಂತ ದೊಡ್ಡ ತೊಡಕೆಂದರೆ, ಒಬ್ಬರ ಚೂರು ಇನ್ನೊಬ್ಬರ ಚೂರಿನೊಡನೆ ಕೂಡಿಬರುವುದಿಲ್ಲ. ನನಗೆ ಬಿಡುವಾದಾಗ ಮಗಳು ಪಾಠದಲ್ಲಿರುತ್ತಾಳೆ, ಅವಳು ಬಿಡುವಾಗುವ ಹೊತ್ತಿಗೆ ನನ್ನ ಪತಿ ಅತ್ತೆಯವರಿಗೆ ಮೈ ಒರೆಸುತ್ತಿರುತ್ತಾರೆ. ಆದ್ದರಿಂದ ಪ್ರತಿಯೊಬ್ಬರೂ ಮನೆಯಲ್ಲಿ ಎಚ್ಚರವಾಗಿರುವ ವೇಳೆಯನ್ನು ಒಂದೇ ಹಾಳೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದುಕೊಳ್ಳಿರೆಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಎಲ್ಲರ ವೇಳೆಯೂ ಕೂಡುವ ಜಾಗ ಎಷ್ಟು ಚಿಕ್ಕದೆಂದು ಕಂಡಾಗ ಸಂಕಟವಾಗುತ್ತದೆ, ನಿಜ. ಆದರೆ ಯಾವುದನ್ನು ಕಾಪಾಡಿಕೊಳ್ಳಬೇಕೆಂಬುದು ಆಗಲೇ ತಿಳಿಯುವುದು.

ಆ ಚಿಕ್ಕ ಜಾಗದಲ್ಲಿ ಏನು ಮಾಡಬೇಕು? ಇಲ್ಲಿ ನನ್ನ ಅಭಿಪ್ರಾಯ ಸಾಮಾನ್ಯವಾಗಿ ಕೇಳಿಬರುವ ಸಲಹೆಗಿಂತ ಬೇರೆಯಾಗಿದೆ. ಕೆಲಸಗಳನ್ನೆಲ್ಲ ಬದಿಗಿಟ್ಟು, ವಿಶೇಷವಾದದ್ದೇನನ್ನೋ ಯೋಜಿಸಿ, ಅದಕ್ಕೆ ಕ್ವಾಲಿಟಿ ಟೈಮ್ ಎಂದು ಹೆಸರಿಟ್ಟು ಆಚರಿಸಬೇಕೆಂಬ ಮಾತು ದಣಿದವರ ತಲೆಯ ಮೇಲೆ ಇನ್ನೊಂದು ಕೆಲಸವನ್ನು ಹೇರುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು ಈ ಶತಮಾನದ ಮೊದಲ ವರ್ಷಗಳಲ್ಲಿ ಲಾಸ್ ಏಂಜಲೀಸಿನ 32 ಕುಟುಂಬಗಳ ದೈನಂದಿನ ಬದುಕನ್ನು ವಿಡಿಯೊದಲ್ಲಿ ದಾಖಲಿಸಿಕೊಂಡರು. ತಂದೆತಾಯಿ ಇಬ್ಬರೂ ದುಡಿಯುವ, ಮಕ್ಕಳಿರುವ ಮನೆಗಳವು. ಆ ತಂಡದ ಇಬ್ಬರು 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಹೇಳಿದ್ದೇನೆಂದರೆ, ಪೋಷಕರು ವಿಶೇಷ ಸಮಯ ಸಾಲದೆಂದು ಕೊರಗುತ್ತಿದ್ದರೂ, ಮನೆಗೆಲಸ ಮತ್ತು ಓಡಾಟದಂಥ ದಿನನಿತ್ಯದ ಸಂಗತಿಗಳ ನಡುವೆ ತಾವಾಗಿಯೇ ಹುಟ್ಟುವ ಕ್ಷಣಗಳು ಸಹ ಕುಟುಂಬವನ್ನು ಹತ್ತಿರ ತರುತ್ತವೆ. ಇದನ್ನು ಓದುವ ಮೊದಲೇ ನಮ್ಮ ಮನೆಯಲ್ಲಿ ನಾವು ಹಾಗೆ ನಡೆದುಕೊಳ್ಳಲಾರಂಭಿಸಿದ್ದೆವು, ಬೇರೆ ದಾರಿಯಿರಲಿಲ್ಲ.

ಒಗೆದ ಬಟ್ಟೆಗಳನ್ನು ಮಡಿಸುವ ಕೆಲಸವನ್ನು ನಾವು ಬೇಕೆಂದೇ ಅತ್ತೆಯವರ ಕೋಣೆಗೆ ತಂದೆವು. ಅವರ ಮಂಚದ ಒಂದು ತುದಿಯಲ್ಲಿ ರಾಶಿ, ಸುತ್ತ ನಾವು ನಾಲ್ವರು. ಕಿರಿಯವನು ಕಾಲುಚೀಲಗಳ ಜೋಡಿ ಹುಡುಕುತ್ತಾನೆ, ಅತ್ತೆಯವರು ಕೈಗೆಟುಕಿದ ಕರವಸ್ತ್ರಗಳನ್ನು ತಮ್ಮ ನಿಧಾನದಲ್ಲಿಯೇ ಮಡಿಸುತ್ತಾರೆ. ಕೈಗೆ ಕೆಲಸವಿದ್ದು ಕಣ್ಣುಗಳು ಎದುರಿನವರ ಮುಖದ ಮೇಲೆ ನೆಟ್ಟಿರದಿದ್ದಾಗ ಮಾತು ಸಲೀಸಾಗಿ ಹೊರಡುತ್ತದೆಂಬುದನ್ನು ನಾನು ಅಲ್ಲಿಯೇ ಕಂಡುಕೊಂಡೆ. ಈ ದಿನ ಶಾಲೆಯಲ್ಲಿ ಏನಾಯಿತೆಂದು ನೇರವಾಗಿ ಕೇಳಿದರೆ ಏನಿಲ್ಲವೆಂದು ಎದ್ದುಹೋಗುವ ಹರೆಯದ ಮಗಳು, ಅಂಗಿಯ ತೋಳನ್ನು ಸರಿಪಡಿಸುತ್ತ ತನ್ನ ಗೆಳತಿಯೊಂದಿಗಿನ ಮನಸ್ತಾಪವನ್ನು ತಾನಾಗಿಯೇ ಹೇಳಿಕೊಂಡಿದ್ದಾಳೆ. ಅತ್ತೆಯವರು ತಮ್ಮ ಬಾಲ್ಯದ ಸಂಗತಿಗಳನ್ನು ತೆಗೆದದ್ದೂ ಅಲ್ಲಿಯೇ. ಅವುಗಳಲ್ಲಿ ಕೆಲವನ್ನು ಅವರ ಮಗನೇ ಮೊದಲ ಬಾರಿಗೆ ಕೇಳುತ್ತಿದ್ದರು. ಮೌನವಾಗಿದ್ದರೂ ಅಲ್ಲಿ ಯಾರಿಗೂ ಮುಜುಗರವಾಗುವುದಿಲ್ಲ, ಏಕೆಂದರೆ ಮಾತಾಡಲೆಂದು ಯಾರೂ ಸೇರಿರುವುದಿಲ್ಲ. ಚಿಕಿತ್ಸೆಗೆ ಕರೆದೊಯ್ಯುವಾಗಿನ ದಾರಿ, ಸರದಿಗಾಗಿ ಕಾಯುವ ಬೆಂಚು, ಪಾತ್ರೆ ತೊಳೆಯುವ ಹೊತ್ತು ಇವೂ ಹೀಗೆಯೇ ಒದಗುತ್ತವೆ, ಜೊತೆಯಲ್ಲಿ ಹೋಗುವವರು ಫೋನನ್ನು ಹೊರತೆಗೆಯದಿದ್ದರೆ.

ಆದರೆ ಕೂಡಿ ಕೂತರಷ್ಟೇ ಸಾಲದು, ಯಾವ ಸ್ಥಿತಿಯಲ್ಲಿ ಬಂದು ಕೂರುತ್ತೇವೆ ಎಂಬುದೂ ಮುಖ್ಯ. ಮನಶ್ಶಾಸ್ತ್ರಜ್ಞೆ ರೆನಾ ರೆಪೆಟ್ಟಿಯವರು 1989ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ವಿಮಾನ ಸಂಚಾರ ನಿಯಂತ್ರಕರ ಬಗ್ಗೆ ಇದೆ. ಕೆಲಸದ ಒತ್ತಡ ಹೆಚ್ಚಿದ್ದ ದಿನಗಳಲ್ಲಿ ಅವರು ಮನೆಗೆ ಬಂದ ಮೇಲೆ ಸಂಗಾತಿಯೊಡನೆ ಬೆರೆಯದೆ ಹಿಂದೆ ಸರಿಯುತ್ತಿದ್ದರು. ಇದನ್ನು ಉದಾಸೀನವೆಂದು ತಿಳಿಯುವ ಮನೆಗಳಲ್ಲಿ ಸಂಜೆಗಳು ಜಗಳದಿಂದಲೇ ಆರಂಭವಾಗುತ್ತವೆ. ಇನ್ನೊಂದು ಸಂಗತಿಯನ್ನು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿಕೊಟ್ಟರು. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೊರಳಿದಾಗ, ಗಮನದ ಒಂದು ಪಾಲು ಹಿಂದಿನ ಕೆಲಸದಲ್ಲಿಯೇ ಉಳಿದುಬಿಡುತ್ತದೆ. ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವಳ ತಲೆಯಲ್ಲಿ ಕಚೇರಿಯ ಕಡತ ತೆರೆದೇ ಇರುತ್ತದೆ ಎಂಬುದು ನನ್ನ ಅನುಭವವೂ ಹೌದು. ಹಾಗಾಗಿ ಹೊರಡುವ ಮುನ್ನ ಮರುದಿನ ಎಲ್ಲಿಂದ ಮುಂದುವರಿಸಬೇಕೆಂದು ಬರೆದಿಟ್ಟು ಬರುತ್ತೇನೆ, ಮತ್ತು ಒಳಗೆ ಬಂದ ಕೂಡಲೇ ಯಾರೂ ಯಾರಿಗೂ ಸಮಸ್ಯೆಗಳ ಪಟ್ಟಿ ಒಪ್ಪಿಸಕೂಡದೆಂದು ನಾವು ಮಾತಾಡಿಕೊಂಡಿದ್ದೇವೆ. ಮುಖ ತೊಳೆದು ಸ್ವಲ್ಪ ಹೊತ್ತು ಸುಮ್ಮನೆ ಕೂರಲು ಬಿಟ್ಟವರ ಜೊತೆ ಅನಂತರದ ಒಂದು ಗಂಟೆ ಚೆನ್ನಾಗಿ ಕಳೆಯುತ್ತದೆ.

ನಿದ್ದೆಯನ್ನು ಕತ್ತರಿಸಿ ಸಮಯ ಮಾಡಿಕೊಳ್ಳುವುದನ್ನು ಮಾತ್ರ ನಾನು ಖಂಡಿತವಾಗಿ ಒಪ್ಪುವುದಿಲ್ಲ. ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ. ಒಂದು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮೆದುಳನ್ನು 2007ರಲ್ಲಿ ಸ್ಕ್ಯಾನ್ ಮಾಡಿ ನೋಡಿದಾಗ, ಭಯ ಕೋಪಗಳಿಗೆ ಸಂಬಂಧಿಸಿದ ಅಮಿಗ್ಡಲಾ ಎಂಬ ಭಾಗವು ಅಹಿತಕರ ಚಿತ್ರಗಳಿಗೆ ನಿದ್ದೆ ಮಾಡಿದವರಲ್ಲಿಗಿಂತ ಸುಮಾರು ಶೇ. 60ರಷ್ಟು ಹೆಚ್ಚು ತೀವ್ರವಾಗಿ ಪ್ರತಿಕ್ರಿಯಿಸುತ್ತಿದ್ದುದು ಕಂಡುಬಂತು. ನಾವು ಇಡೀ ರಾತ್ರಿ ಎದ್ದಿರುವುದಿಲ್ಲ, ದಿನಕ್ಕಿಷ್ಟಿಷ್ಟೇ ಕಳೆದುಕೊಳ್ಳುತ್ತೇವೆ. ಆದರೂ ನಿದ್ದೆ ಸಾಲದ ತಾಯಿಯೊಬ್ಬಳು ಚೆಲ್ಲಿದ ಒಂದು ಲೋಟ ನೀರಿಗೆ ಹೇಗೆ ಸಿಡಿಮಿಡಿಗೊಳ್ಳುತ್ತಾಳೆಂಬುದು ಮಕ್ಕಳಿರುವ ಮನೆಗಳಿಗೆ ಗೊತ್ತು. ರಾತ್ರಿ ಹನ್ನೊಂದರ ನಂತರ ಗಳಿಸಿದ ಒಂದು ಗಂಟೆಯನ್ನು ಮರುದಿನದ ಸಂಜೆ ಬಡ್ಡಿಸಮೇತ ವಸೂಲು ಮಾಡುತ್ತದೆ.

ಇದಕ್ಕೊಂದು ಅಪವಾದ ನಮ್ಮ ಮನೆಯಲ್ಲಿದೆ. ಹರೆಯದಲ್ಲಿ ದೇಹದ ಒಳಗಡಿಯಾರವೇ ತಡಕ್ಕೆ ಸರಿಯುವುದರಿಂದ ಮಗಳಿಗೆ ಮಾತಾಡಬೇಕೆನ್ನಿಸುವುದು ನಮ್ಮ ಕಣ್ಣು ಎಳೆಯುವ ಹೊತ್ತಿನಲ್ಲಿಯೇ. ಅವಳು ಕೋಣೆಯ ಬಾಗಿಲಿಗೆ ಬಂದು ನಿಂತಾಗ ನಾಳೆ ಮಾತಾಡೋಣವೆಂದು ನಾವು ಹೇಳುವುದಿಲ್ಲ. ಆ ರಾತ್ರಿ ಯಾರಿಗೆ ಹೆಚ್ಚು ಶಕ್ತಿ ಉಳಿದಿದೆಯೋ ಅವರು ಎದ್ದು ಕೂರುತ್ತಾರೆ, ಇನ್ನೊಬ್ಬರು ಮಲಗಿ ಬೆಳಗಿನ ಹೊಣೆ ಹೊರುತ್ತಾರೆ.

ತಾಯಂದಿರು ಈ ಪ್ರಶ್ನೆಯನ್ನು ಕೇಳುವಾಗ ಅದರೊಳಗೆ ಅಪರಾಧಿ ಭಾವವಿರುತ್ತದೆ. ಅವರಿಗಾಗಿ ಒಂದು ಮಾತು. ಅಮೆರಿಕದ ಕುಟುಂಬಗಳ ದತ್ತಾಂಶವನ್ನಿಟ್ಟುಕೊಂಡು ಮೆಲಿಸ್ಸಾ ಮಿಲ್ಕಿ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 3ರಿಂದ 11 ವರ್ಷದ ಮಕ್ಕಳ ವಿಷಯದಲ್ಲಿ ತಾಯಿ ಕಳೆದ ಗಂಟೆಗಳ ಸಂಖ್ಯೆಗೂ ಮಕ್ಕಳ ನಡವಳಿಕೆ, ಭಾವನೆ, ಓದುಗಳಿಗೂ ಹೇಳಿಕೊಳ್ಳುವಂಥ ನಂಟು ಕಾಣಲಿಲ್ಲ. ಹರೆಯದವರಲ್ಲಿ ಮಾತ್ರ, ತಾಯಿ ಅವರೊಡನೆ ತೊಡಗಿಕೊಂಡು ಕಳೆದ ಸಮಯಕ್ಕೂ ಮನೆಯವರೆಲ್ಲ ಕೂಡಿ ಕಳೆದ ಸಮಯಕ್ಕೂ ಒಳಿತಿನ ಜೊತೆ ಸಂಬಂಧವಿತ್ತು. ಮಕ್ಕಳು ಚಿಕ್ಕವರಿರುವಾಗ ಗಂಟೆಗಳನ್ನು ಎಣಿಸುತ್ತ ನೊಂದುಕೊಳ್ಳಬೇಕಾಗಿಲ್ಲವೆಂದೂ, ಅವರು ದೊಡ್ಡವರಾದರು ಇನ್ನು ನಾವು ಬೇಕಿಲ್ಲವೆಂದು ದೂರ ಸರಿಯಬಾರದೆಂದೂ ನಾನು ಇದರಿಂದ ಅರ್ಥಮಾಡಿಕೊಂಡಿದ್ದೇನೆ.

ಈಗ ಬಹಳ ಮನೆಗಳಲ್ಲಿ ಆಡದೇ ಉಳಿಯುವ ವಿಷಯಕ್ಕೆ ಬರುತ್ತೇನೆ. ಎಲ್ಲರೂ ಒಟ್ಟಿಗೆ ಕುಳಿತು ನಗುವ ಗಂಟೆಯನ್ನು ಸಿದ್ಧಪಡಿಸಲು ಒಬ್ಬರು ಅದಕ್ಕೆ ಮುಂಚೆ ಎರಡು ಗಂಟೆ, ಅನಂತರ ಒಂದು ಗಂಟೆ ದುಡಿಯುತ್ತಿದ್ದರೆ ಅದು ಆ ಒಬ್ಬರ ಪಾಲಿಗೆ ಕುಟುಂಬದ ಸಮಯವಲ್ಲ, ಇನ್ನೊಂದು ಪಾಳಿ. ದುಡಿಯುವ ಹೆಂಗಸರ ಈ ಎರಡನೆಯ ಪಾಳಿಯ ಬಗ್ಗೆ ಸಮಾಜಶಾಸ್ತ್ರಜ್ಞೆ ಆರ್ಲಿ ಹೋಕ್‌ಶೀಲ್ಡ್ 1989ರಲ್ಲಿಯೇ ಬರೆದರು. ಇಂದಿಗೂ ಆ ಮಾತು ಹಳತಾಗಿಲ್ಲ. ಮಾಡುವ ಕೆಲಸವಷ್ಟೇ ಅಲ್ಲ, ನೆನಪಿಟ್ಟುಕೊಳ್ಳುವ ಕೆಲಸವೂ ಇದೆ: ಔಷಧಿ ಯಾವಾಗ ಮುಗಿಯುತ್ತದೆ, ಶಾಲೆಗೆ ಯಾವ ದಿನ ಏನು ಕಳುಹಿಸಬೇಕು, ಯಾರ ಚಪ್ಪಲಿ ಹರಿದಿದೆ. ನನ್ನ ಪತಿ ಅತ್ತೆಯವರ ಔಷಧಿ ಮತ್ತು ವೈದ್ಯರ ಭೇಟಿಗಳ ಜವಾಬ್ದಾರಿಯನ್ನು ಪೂರ್ತಿಯಾಗಿ, ಅಂದರೆ ನೆನಪು ಸಮೇತ, ವಹಿಸಿಕೊಂಡ ಮೇಲೆಯೇ ನಾನು ಮಕ್ಕಳ ಪಕ್ಕದಲ್ಲಿ ಮನಸ್ಸು ಕೊಟ್ಟು ಕೂರುವುದು ಸಾಧ್ಯವಾಯಿತು. ಹೀಗಾಗಿ ಯಾರಾದರೂ ದಂಪತಿ ಒಟ್ಟಿಗೆ ಬಂದು ಈ ಪ್ರಶ್ನೆ ಕೇಳಿದರೆ, ಸಮಯದ ಮಾತಿಗಿಂತ ಮೊದಲು ಕೆಲಸ ಹಂಚಿಕೊಳ್ಳುವ ಮಾತನ್ನು ಆಡಿರೆಂದು ಹೇಳುತ್ತೇನೆ. ಗಂಡ ಹೆಂಡತಿಯ ನಡುವಿನ ಸಂಭಾಷಣೆ ದಿನದ ವ್ಯವಸ್ಥೆಗಳ ಹಸ್ತಾಂತರವಷ್ಟೇ ಆಗಿ ಉಳಿಯುವ ಅಪಾಯವೂ ಇಂಥ ಕಾಲದಲ್ಲಿಯೇ ಹೆಚ್ಚು. ಎಲ್ಲರೂ ಮಲಗಿದ ಮೇಲೆ ನಾವಿಬ್ಬರೂ ಸ್ವಲ್ಪ ಹೊತ್ತು ಮನೆಯ ವ್ಯವಹಾರವನ್ನು ಬಿಟ್ಟು ಬೇರೇನನ್ನಾದರೂ ಮಾತಾಡುತ್ತೇವೆ, ವಿಷಯ ಎಷ್ಟೇ ಸಣ್ಣದಿರಲಿ.

ಕಡೆಯದಾಗಿ, ಈ ಕಾಲಕ್ಕೆ ಕೊನೆಯಿದೆಯೇ ಎಂಬುದನ್ನು ಮನೆಯವರಿಗೆ ಪ್ರಾಮಾಣಿಕವಾಗಿ ತಿಳಿಸಬೇಕು. ಪರೀಕ್ಷೆಯೋ ಯೋಜನೆಯೋ ಆಗಿದ್ದರೆ ಮುಗಿಯುವ ತಾರೀಖನ್ನು ಮಕ್ಕಳಿಗೆ ಕ್ಯಾಲೆಂಡರಿನಲ್ಲಿ ತೋರಿಸಿ, ಆ ದಿನ ಬಂದಾಗ ಕೆಲಸವನ್ನು ನಿಜವಾಗಿಯೂ ಇಳಿಸಬೇಕು. ಒಂದರ ಬೆನ್ನಿಗೆ ಇನ್ನೊಂದನ್ನು ಹಚ್ಚಿಕೊಂಡರೆ ನಮ್ಮ ಮಾತಿಗೆ ಬೆಲೆ ಉಳಿಯುವುದಿಲ್ಲ. ಆರೈಕೆಯ ಕಾಲಕ್ಕೆ ಅಂಥ ತಾರೀಖು ಇಲ್ಲ, ಅದು ಬೇಗ ಮುಗಿಯಲೆಂದು ಹಾರೈಸುವುದೂ ಆಗದು. ಅಂಥ ಮನೆಗಳಲ್ಲಿ ಎಲ್ಲ ಮುಗಿದ ಮೇಲೆ ನೋಡೋಣವೆಂಬ ಭರವಸೆ ಕೊಡದೆ, ಈ ವಾರ ಒಪ್ಪಿಕೊಂಡ ಕೆಲಸಗಳಲ್ಲಿ ಯಾವುದನ್ನು ಬಿಡಬಹುದೆಂದು ಈ ವಾರವೇ ಕುಳಿತು ನೋಡಬೇಕು. ನಾವು ಹಾಗೆ ಕುಳಿತಾಗ ಕೈಬಿಡಬಹುದಾದದ್ದು ಏನಾದರೊಂದು ಸಿಕ್ಕೇ ಸಿಗುತ್ತದೆ. ಹೆಚ್ಚಿನ ವಾರಗಳಲ್ಲಿ ಅದು ಬೇರೆಯವರು ಏನೆಂದುಕೊಂಡಾರೋ ಎಂಬ ಅಳುಕಿನಿಂದಷ್ಟೇ ನಾವು ಒಪ್ಪಿಕೊಂಡದ್ದಾಗಿರುತ್ತದೆ.