ನೀನೇ ಅಷ್ಟು ಅನುಭವಿಸಿದೋನು, ಅವರ ಜೊತೆ ಯಾಕೆ ಹೋದೆ?

ದಾವಣಗೆರೆಗೆ ಹೋದಾಗಲೆಲ್ಲ ಹಳೇ ಗೆಳೆಯರು ಸಿಗುತ್ತಾರೆ. ಬೆಣ್ಣೆ ದೋಸೆ ಮುಗಿದು ಕಾಫಿ ಬರುವ ಹೊತ್ತಿಗೆ ಯಾರಾದರೊಬ್ಬರು ಕೇಳೇ ಕೇಳುತ್ತಾರೆ. "ಲೇ, ಸ್ಕೂಲಲ್ಲಿ ನಿನ್ನನ್ನ ಅಷ್ಟು ಗೋಳು ಹುಯ್ಕೊಂಡ್ರು. ಆಮೇಲೆ ನೀನೇ ಹೋಗಿ ಬೇರೆಯವರನ್ನ ಹೆದರಿಸೋ ಗುಂಪಿಗೆ ಸೇರ್ಕೊಂಡ್ಯಲ್ಲ, ಯಾಕೆ?" ಪ್ರತಿ ಸಲ ಅರ್ಧ ಹೇಳಿ ಮಾತು ಬದಲಿಸಿದ್ದೇನೆ. ಇವತ್ತು ಪೂರ್ತಿ ಹೇಳುತ್ತೇನೆ.

ನನಗೆ ಚಿಕ್ಕಂದಿನಿಂದ ಉಗ್ಗು. ಅದರಲ್ಲೂ ಪ, ಬ, ಮ ಬಂದರೆ ತುಟಿ ಅಂಟಿಕೊಂಡುಬಿಡುತ್ತಿತ್ತು. ಹಾಜರಿ ಕರೆದಾಗ 'ಪ್ರೆಸೆಂಟ್ ಸಾರ್' ಅನ್ನಬೇಕಿತ್ತು, ಆ 'ಪ'ಗಾಗಿ ಇಡೀ ಕ್ಲಾಸು ಕಾಯುತ್ತಿತ್ತು, ಹಿಂದಿನ ಬೆಂಚಿನವರು ನನಗಿಂತ ಮೊದಲೇ 'ಪ್ಪ ಪ್ಪ ಪ್ಪ' ಎಂದು ಶುರು ಮಾಡುತ್ತಿದ್ದರು, ಮೇಷ್ಟ್ರು ಹಾಜರಿ ಪುಸ್ತಕ ಅಡ್ಡ ಹಿಡಿದು ನಗುತ್ತಿದ್ದರು. ಹುಡುಗರು ನಕ್ಕಿದ್ದು ಮರೆತಿದೆ. ಮೇಷ್ಟ್ರ ನಗು ಮರೆತಿಲ್ಲ. ಕಾಯಬೇಕಾದವರೇ ನಕ್ಕರೆ ಮಗುವಿನ ತಲೆಯಲ್ಲಿ ಒಂದು ಲೆಕ್ಕ ಕೂತುಬಿಡುತ್ತದೆ: ನ್ಯಾಯ ಗೀಯ ಏನೂ ಇಲ್ಲ, ಬಲ ಇರುವವರು, ಇಲ್ಲದವರು, ಅಷ್ಟೇ.

ಆ ಲೆಕ್ಕ ಇಟ್ಟುಕೊಂಡೇ ಚಿತ್ರದುರ್ಗದ ಹಾಸ್ಟೆಲಿಗೆ ಹೋದೆ. ಆರು ತಿಂಗಳು ಒಬ್ಬನೇ ಊಟ ಮಾಡಿದೆ. ಒಂದು ಭಾನುವಾರ ಸೀನಿಯರ್ ಒಬ್ಬ ತಟ್ಟೆ ಹಿಡಿದು ಬಂದು ಪಕ್ಕ ಕೂತ. "ಬಾರೋ ತಮ್ಮಾ, ಸಂಜೆ ನಮ್ ಜೊತೆ" ಅಂದ. ಗುಂಪಿನ ಹೆಸರು ಬೇಡ. ಇಂಥವು ಎಲ್ಲ ಧರ್ಮದಲ್ಲೂ, ಎಲ್ಲ ಬಣ್ಣದ ಬಾವುಟದ ಕೆಳಗೂ ಇವೆ. ಬೆಳಿಗ್ಗೆ ಪ್ರಾರ್ಥನೆ, ಸಂಜೆ ಮೆರವಣಿಗೆ. ಒಬ್ಬರು ಗುರು, ಅವರು ಹೇಳಿದ್ದೇ ಕೊನೆ.

ಮೊದಲ ದಿನವೇ ಎಲ್ಲರ ಜೊತೆ ಘೋಷಣೆ ಕೂಗಿದೆ. ಸಲೀಸಾಗಿ ಬಂತು. 'ಪ' ಕೂಡ ಬಂತು! ಉಗ್ಗುವವರು ಹಲವರ ಜೊತೆ ಒಂದೇ ದನಿಯಲ್ಲಿ ಹೇಳುವಾಗ, ಹಾಡುವಾಗ ಸಾಮಾನ್ಯವಾಗಿ ಉಗ್ಗುವುದಿಲ್ಲ. ಮಾತಿನ ತೊಂದರೆಗೆ ಚಿಕಿತ್ಸೆ ಕೊಡುವವರಿಗೆಲ್ಲ ಗೊತ್ತಿರುವ ವಿಷಯ ಇದು. ನನಗೆ ಗೊತ್ತಿರಲಿಲ್ಲ. ಗುರುಗಳ ಶಕ್ತಿಯಿಂದಲೇ ನಾಲಿಗೆ ಬಿಚ್ಚಿತು ಅಂದುಕೊಂಡೆ. 17 ವರ್ಷದ ಹುಡುಗನಿಗೆ ಅದಕ್ಕಿಂತ ದೊಡ್ಡ ಪವಾಡ ಬೇಕಾ?

ಎಷ್ಟೋ ವರ್ಷದ ಮೇಲೆ ಒಂದು ಪ್ರಯೋಗದ ಬಗ್ಗೆ ಓದಿದೆ. ಕಿಪ್ಲಿಂಗ್ ವಿಲಿಯಮ್ಸ್ ಎಂಬ ಮನಶ್ಶಾಸ್ತ್ರಜ್ಞರು ಜೊತೆಗಾರರೊಂದಿಗೆ ಮಾಡಿ 2000ರಲ್ಲಿ ಪ್ರಕಟಿಸಿದ್ದು. ಕಂಪ್ಯೂಟರಿನಲ್ಲಿ ಒಬ್ಬರಿಗೊಬ್ಬರು ಡಿಸ್ಕ್ ಎಸೆಯುವ ಆಟ, ಕೆಲವರ ಕಡೆಗೆ ಬೇಕಂತಲೇ ಎಸೆಯುವುದಿಲ್ಲ. ಮುಖ ಕೂಡ ನೋಡದವರ ಜೊತೆ ಕೆಲವೇ ನಿಮಿಷದ ಆಟ. ಅಷ್ಟಕ್ಕೇ ಜನ ನೊಂದುಕೊಂಡರು. ಆಮೇಲೆ ಹೊಸ ಗುಂಪೊಂದು ತಪ್ಪು ಉತ್ತರ ಹೇಳಿದಾಗ ಅದಕ್ಕೇ ಹೂಂಗುಟ್ಟಿದವರೂ ಹಾಗೆ ಹೊರಗುಳಿದವರಲ್ಲೇ ಜಾಸ್ತಿ. ಇನ್ನು ಹತ್ತು ವರ್ಷ ಹೊರಗೇ ಉಳಿದ ಹುಡುಗ ಏನು ಮಾಡಿಯಾನು?

ಕೆನಡಾದ ಮನಶ್ಶಾಸ್ತ್ರಜ್ಞ ಬಾಬ್ ಆಲ್ಟೆಮೇಯರ್ ಅಧಿಕಾರಕ್ಕೆ ತಲೆಬಾಗುವವರ ಮನಸ್ಸನ್ನು ದಶಕಗಟ್ಟಲೆ ಅಭ್ಯಾಸ ಮಾಡಿದವರು. ಮೇಲಿನವರಿಗೆ ಬಗ್ಗುವುದು, ಅವರು ಬೆರಳು ತೋರಿಸಿದವರ ಮೇಲೆ ಎರಗುವುದು, ರೂಢಿಗೆ ಅಂಟಿಕೊಳ್ಳುವುದು, ಈ ಮೂರೂ ಒಟ್ಟಿಗೆ ಇರುತ್ತವೆ ಅನ್ನುತ್ತಿದ್ದರು. ಬಗ್ಗುವುದು ಸ್ಕೂಲಲ್ಲೇ ಕಲಿತಿದ್ದೆ. ಎರಗುವುದಕ್ಕೆ ಇಲ್ಲಿ ಅವಕಾಶ ಸಿಕ್ಕಿತು. ಮುಚ್ಚಿಡುವುದಿಲ್ಲ, ನಮ್ಮನ್ನು ಕಂಡು ಅಂಗಡಿಯವನೊಬ್ಬ ಎದ್ದು ನಿಂತಾಗ ನನಗೆ ತುಂಬಾ ಖುಷಿಯಾಗಿತ್ತು. ಕಾಟ ಅನುಭವಿಸಿದವರೆಲ್ಲ ಹೀಗಾಗುತ್ತಾರೆ ಅಂತಲ್ಲ. ಅದೇ ನೋವಿನಿಂದ ಬೇರೆಯವರ ಪರ ನಿಂತವರನ್ನೂ ಬಲ್ಲೆ. ಆ ಹೊತ್ತಿನಲ್ಲಿ ತಟ್ಟೆ ಹಿಡಿದು ಪಕ್ಕ ಬಂದು ಕೂತವರು ಯಾರು ಅನ್ನುವುದೇ ಮುಖ್ಯ ಅಂತ ನನಗನಿಸುತ್ತದೆ.

ಒಂದು ಸಭೆಯಲ್ಲಿ ಗುರುಗಳು ತಮಗಾಗದ ಒಬ್ಬರ ಮಾತನ್ನು ಅಣಕಿಸಿದರು. ಆ ಮನುಷ್ಯ ಉಗ್ಗುತ್ತಿದ್ದರು. ಮೈದಾನಕ್ಕೆ ಮೈದಾನವೇ ನಕ್ಕಿತು. ನಾನೂ ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ, ಆದರೂ ಇನ್ನೊಂದು ವರ್ಷ ಅಲ್ಲೇ ಇದ್ದೆ. ಬಿಟ್ಟರೆ ಮತ್ತೆ ಮೆಸ್ಸಿನಲ್ಲಿ ಒಬ್ಬನೇ ಕೂರಬೇಕಲ್ವಾ?

ಅಪ್ಪ ಜಗಳ ಆಡಿದಷ್ಟೂ ನಾನು ಗುಂಪಿಗೆ ಇನ್ನೂ ಅಂಟಿಕೊಂಡೆ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದ ಸೋದರಮಾವ ಮಾತ್ರ ಯಾವತ್ತೂ ವಾದ ಮಾಡಲಿಲ್ಲ. ರಜೆಯಲ್ಲಿ ಹೋದರೆ ಪಕ್ಕ ಕೂರಿಸಿಕೊಳ್ಳುತ್ತಿದ್ದರು. ನನ್ನ ಮಾತು ಸಿಕ್ಕಿಕೊಂಡರೆ ನಡುವೆ ಬಾಯಿ ಹಾಕುತ್ತಿರಲಿಲ್ಲ, ಪದ ಎತ್ತಿಕೊಡುತ್ತಿರಲಿಲ್ಲ. ಸುಮ್ನೆ ಕಾಯುತ್ತಿದ್ದರು. ಒಂದು ರಾತ್ರಿ ಭಟ್ಟಿ ಆರಿದ ಮೇಲೆ, ಆ ಸಭೆಯಲ್ಲಿ ನಾನು ನಕ್ಕಿದ್ದನ್ನು ಅವರಿಗೆ ಹೇಳಲು ಶುರು ಮಾಡಿದೆ. ತುಂಬಾ ಹೊತ್ತು ಹಿಡಿಯಿತು. ಮುಗಿಯುವ ತನಕ ಮಾವ ಎದ್ದು ಹೋಗಲಿಲ್ಲ.